ಅಧ್ಯಕ್ಷೀಯ ಚುನಾವಣೆಯಲ್ಲಿ ಸಂಪ್ರದಾಯಶೀಲ ಮತದಾರರ ಆಯ್ಕೆ: 1969ರ ಪ್ರಸಂಗದ ಒಂದು ವಿವೇಚನೆ

1. ವಿಷಯ ಪ್ರವೇಶ

ಚುನಾವಣೆ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಮತಗಟ್ಟೆ. ಆದರೆ ಮತದಾರನು ಮತಗಟ್ಟೆಯ ಹೊಸ್ತಿಲನ್ನು ದಾಟುವುದಕ್ಕೆ ಬಹಳ ಮೊದಲೇ ಇನ್ನೊಂದು ಆಯ್ಕೆ ನಡೆದುಹೋಗಿರುತ್ತದೆ. ಪ್ರತಿಯೊಂದು ಪಕ್ಷದಲ್ಲಿಯೂ ಹಲವು ಮಂದಿ ಆಕಾಂಕ್ಷಿಗಳಿರುತ್ತಾರೆ. ಅವರಲ್ಲಿ ಒಬ್ಬನು ಮಾತ್ರ ಉಮೇದುವಾರನಾಗುತ್ತಾನೆ. ಆ ಒಬ್ಬನನ್ನು ಆರಿಸುವವರು ಯಾರು, ಯಾವ ಕ್ರಮದಿಂದ ಆರಿಸುತ್ತಾರೆ ಎಂಬ ಪ್ರಶ್ನೆಯು ರಾಜ್ಯಶಾಸ್ತ್ರದಲ್ಲಿ ಅಂತಿಮ ಮತದಾನದಷ್ಟೇ ಮಹತ್ವವುಳ್ಳದ್ದು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಸೀಮೆಯಲ್ಲಿರುವ ತುಕ್ಕಾನಟ್ಟಿಯಂಥ ಗ್ರಾಮದಲ್ಲಿ ಚುನಾವಣೆಯ ಕಾಲಕ್ಕೆ ‘ಟಿಕೀಟು ಯಾರಿಗೆ ಸಿಕ್ಕಿತು?’ ಎಂದು ಜನರು ಕೇಳುವುದುಂಟು; ‘ಟಿಕೀಟನ್ನು ಯಾರಿಗೆ ಕೊಡೋಣ?’ ಎಂದು ಜನರನ್ನು ಕೇಳುವ ಪದ್ಧತಿ ಮಾತ್ರ ನಮ್ಮಲ್ಲಿ ಬೆಳೆದುಬಂದಿಲ್ಲ.

ಈ ಎರಡನೆಯ ಪ್ರಶ್ನೆಯನ್ನು ಕಾನೂನಿನ ಮೂಲಕವೇ ಮತದಾರನ ಮುಂದಿಡುವ ದೇಶ ಅಮೇರಿಕ. ಅಲ್ಲಿಯ ಅಧ್ಯಕ್ಷ ಪದವಿಯ ಉಮೇದುವಾರಿಕೆಗಾಗಿ ನಡೆಯುವ ಪೂರ್ವಚುನಾವಣೆಗಳಲ್ಲಿ, ಅಂದರೆ ‘ಪ್ರೈಮರಿ’ಗಳಲ್ಲಿ, ಸಂಪ್ರದಾಯಶೀಲ ಮತದಾರರು ತಮ್ಮ ಮನೋಧರ್ಮಕ್ಕೆ ಒಪ್ಪುವ ಹಲವು ಉಮೇದುವಾರರನ್ನು ತೂಗಿ ನೋಡಿ ಒಬ್ಬನನ್ನು ಆರಿಸಬೇಕಾಗುತ್ತದೆ. ನಮ್ಮ ದೇಶದಲ್ಲಿ ಇಂತಹುದೇ ಒಂದು ಸಂದಿಗ್ಧವು 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ಒದಗಿತು. ಅದರ ಮೊದಲ ಅಂಕವು ನಡೆದದ್ದು ಬೆಂಗಳೂರಿನಲ್ಲಿ. ಅದರ ಮುಖ್ಯ ಪಾತ್ರಧಾರಿಗಳಲ್ಲಿ ಒಬ್ಬರು ಕನ್ನಡ ನಾಡಿನವರೇ ಆದ ಎಸ್. ನಿಜಲಿಂಗಪ್ಪನವರು. ಈ ಎರಡು ಪದ್ಧತಿಗಳನ್ನು ಹೋಲಿಸಿ, 1969ರ ಅಂಕಿಗಳು ಏನನ್ನು ತಿಳಿಸುತ್ತವೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ‘ಸಂಪ್ರದಾಯಶೀಲ’ ಎಂಬ ಶಬ್ದವನ್ನು ನಿಂದೆಯ ಅರ್ಥದಲ್ಲಿಯಾಗಲಿ ಪ್ರಶಂಸೆಯ ಅರ್ಥದಲ್ಲಿಯಾಗಲಿ ಬಳಸಿಲ್ಲ. ಇರುವ ವ್ಯವಸ್ಥೆಯನ್ನು ಒಮ್ಮೆಲೇ ಬುಡಮೇಲು ಮಾಡದೆ ಕ್ರಮಕ್ರಮವಾಗಿ ತಿದ್ದಬೇಕು, ಸ್ವತ್ತಿನ ಹಕ್ಕನ್ನು ರಕ್ಷಿಸಬೇಕು, ಸರಕಾರದ ಕೈ ಪ್ರಜೆಯ ಉದ್ಯೋಗದಲ್ಲಿಯೂ ಹೊಲದಲ್ಲಿಯೂ ಮಿತಿಮೀರಿ ಚಾಚಬಾರದು ಎಂಬ ನಿಲುವನ್ನು ಅದು ಸೂಚಿಸುತ್ತದೆ.

2. ಅಮೇರಿಕದ ಪೂರ್ವಚುನಾವಣೆ

ಅಮೇರಿಕದ ಸಂವಿಧಾನದಲ್ಲಿ ರಾಜಕೀಯ ಪಕ್ಷಗಳ ಹೆಸರೇ ಇಲ್ಲ; ಆದುದರಿಂದ ಉಮೇದುವಾರರನ್ನು ಆರಿಸುವ ಕ್ರಮವೂ ಅದರಲ್ಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕೆಲಸವನ್ನು ಪಕ್ಷದ ಮುಖಂಡರು ಮಹಾಧಿವೇಶನಗಳಲ್ಲಿ ನೆರವೇರಿಸುತ್ತಿದ್ದರು. ಮುಖಂಡರ ಈ ಹಿಡಿತವನ್ನು ಸಡಿಲಿಸಬೇಕೆಂಬ ಚಳವಳಿಯ ಫಲವಾಗಿ ವಿಸ್ಕಾನ್ಸಿನ್ ಸಂಸ್ಥಾನವು 1903ರಲ್ಲಿ ಪ್ರತ್ಯಕ್ಷ ಪೂರ್ವಚುನಾವಣೆಯ ಶಾಸನವನ್ನು ಮಾಡಿತು. 1912ರ ಹೊತ್ತಿಗೆ ಹಲವು ಸಂಸ್ಥಾನಗಳು ಅಧ್ಯಕ್ಷ ಪದವಿಯ ಉಮೇದುವಾರಿಕೆಗೂ ಈ ಕ್ರಮವನ್ನು ಅನ್ವಯಿಸಿದ್ದವು. ಆ ವರ್ಷ ರಿಪಬ್ಲಿಕನ್ ಪಕ್ಷದ ಪ್ರೈಮರಿಗಳಲ್ಲಿ ಹೆಚ್ಚಿನವುಗಳನ್ನು ಥಿಯೊಡೋರ್ ರೂಸ್‌ವೆಲ್ಟರು ಗೆದ್ದರು. ಆದರೂ ಮಹಾಧಿವೇಶನವು ಟಾಫ್ಟರನ್ನೇ ಆರಿಸಿತು. ಮತದಾರರ ಇಚ್ಛೆ ಒಂದು, ಮುಖಂಡರ ನಿರ್ಣಯ ಇನ್ನೊಂದು ಆಗಬಹುದೆಂಬುದಕ್ಕೆ ಇದು ಮೊದಲ ದೊಡ್ಡ ನಿದರ್ಶನ. 1968ರಲ್ಲಿ ಒಂದು ಪ್ರೈಮರಿಯಲ್ಲಿಯೂ ಸ್ಪರ್ಧಿಸದಿದ್ದ ಹ್ಯೂಬರ್ಟ್ ಹಂಫ್ರಿಯವರು ಡೆಮೊಕ್ರಾಟಿಕ್ ಪಕ್ಷದ ಉಮೇದುವಾರರಾದರು. ಅದರಿಂದ ಉಂಟಾದ ಅಸಮಾಧಾನದ ನಂತರ, 1972ರಿಂದ ಈಚೆಗೆ, ಪ್ರೈಮರಿಗಳೇ ನಿರ್ಣಾಯಕವಾದವು.

ಈ ಪೂರ್ವಚುನಾವಣೆಗಳಲ್ಲಿ ಎರಡು ಬಗೆಯುಂಟು. ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಮತ ಹಾಕುವುದು ಒಂದು ಬಗೆ. ಪಕ್ಷದ ನೋಂದಣಿಯನ್ನು ಗಣಿಸದೆ ಯಾವ ಮತದಾರನೇ ಆಗಲಿ ಒಂದು ಪಕ್ಷದ ಪ್ರೈಮರಿಯನ್ನು ಆರಿಸಿಕೊಂಡು ಮತ ಹಾಕುವುದು ಇನ್ನೊಂದು ಬಗೆ. ಎರಡರಲ್ಲಿಯೂ ಮತದಾರನು ಸಾಮಾನ್ಯವಾಗಿ ಒಂದೇ ಹೆಸರಿಗೆ ಗುರುತು ಹಾಕಬೇಕಾಗುತ್ತದೆ. ಕಷ್ಟವಿರುವುದು ಇಲ್ಲಿಯೇ. ಸಂಪ್ರದಾಯಶೀಲ ಮತದಾರನು ತನ್ನ ತತ್ತ್ವಕ್ಕೆ ಅತ್ಯಂತ ಸಮೀಪವಾದವನಿಗೆ ಮತ ಕೊಡಬೇಕೋ, ಅಥವಾ ತುಸು ದೂರವಿದ್ದರೂ ಎದುರು ಪಕ್ಷವನ್ನು ಸೋಲಿಸಬಲ್ಲವನಿಗೆ ಕೊಡಬೇಕೋ? ಒಂದೇ ಗುರುತಿನಲ್ಲಿ ಈ ಎರಡನ್ನೂ ಹೇಳುವುದು ಸಾಧ್ಯವಿಲ್ಲ.

1964ರಲ್ಲಿ ರಿಪಬ್ಲಿಕನ್ ಮತದಾರರು ಈ ಪ್ರಶ್ನೆಯನ್ನು ಎದುರಿಸಿದರು. ಸೆನೆಟರ್ ಬ್ಯಾರಿ ಗೋಲ್ಡ್‌ವಾಟರರು ಕಟ್ಟಾ ಸಂಪ್ರದಾಯಶೀಲರು. ಗವರ್ನರ್ ನೆಲ್ಸನ್ ರಾಕ್‌ಫೆಲ್ಲರರು ಉದಾರ ಪಂಗಡದವರು. ಮಾರ್ಚಿಯಲ್ಲಿ ನ್ಯೂ ಹ್ಯಾಂಪ್‌ಷೈರಿನ ಮತದಾರರು ಇಬ್ಬರನ್ನೂ ಬಿಟ್ಟು, ಮತಪತ್ರಿಕೆಯಲ್ಲಿ ಅಚ್ಚಾಗದಿದ್ದ ಹೆನ್ರಿ ಕ್ಯಾಬಟ್ ಲಾಜರ ಹೆಸರನ್ನು ಕೈಯಿಂದ ಬರೆದು ಗೆಲ್ಲಿಸಿದರು. ಜೂನ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಗೋಲ್ಡ್‌ವಾಟರರು ಶೇಕಡಾ 51ಕ್ಕಿಂತ ತುಸು ಹೆಚ್ಚು ಮತಗಳಿಂದ ಗೆದ್ದು ಉಮೇದುವಾರಿಕೆಯನ್ನು ಭದ್ರಪಡಿಸಿಕೊಂಡರು. ನವಂಬರಿನ ಅಂತಿಮ ಚುನಾವಣೆಯಲ್ಲಿ ಅವರಿಗೆ ದೊರೆತವು ಆರು ಸಂಸ್ಥಾನಗಳು ಮಾತ್ರ. ತತ್ತ್ವವನ್ನು ನೆಚ್ಚಿದ ಮತದಾರರು ವಿಜಯವನ್ನು ಕಳೆದುಕೊಂಡರೆಂದು ಇದರಿಂದ ಹೇಳಬಹುದು. ಆದರೆ ಅದೇ ಪಂಗಡದ ಮತದಾರರು 1980ರಲ್ಲಿ ರೊನಾಲ್ಡ್ ರೇಗನ್ನರನ್ನು ಆರಿಸಿದಾಗ ಅವರು 44 ಸಂಸ್ಥಾನಗಳನ್ನು ಗೆದ್ದರು. ಆದುದರಿಂದ ಈ ತೂಗುವಿಕೆಗೆ ಸರ್ವಕಾಲಕ್ಕೂ ಸಲ್ಲುವ ಸೂತ್ರವಿಲ್ಲ. ಅಲ್ಲಿಯ ಪದ್ಧತಿಯ ಗುಣವಿರುವುದು ಬೇರೊಂದು ಸಂಗತಿಯಲ್ಲಿ: ಪಕ್ಷದ ಒಳಗಿನ ಭೇದವು ಅಂತಿಮ ಚುನಾವಣೆಗೆ ಮುಂಚೆಯೇ, ಬಹಿರಂಗವಾಗಿ, ಎಣಿಕೆಗೆ ಸಿಕ್ಕುವಂತೆ ಪ್ರಕಟವಾಗುತ್ತದೆ.

3. ರಾಷ್ಟ್ರಪತಿ ಚುನಾವಣೆಯ ಕ್ರಮ

ಭಾರತದ ರಾಷ್ಟ್ರಪತಿಯನ್ನು ಪ್ರಜೆಗಳು ನೇರವಾಗಿ ಆರಿಸುವುದಿಲ್ಲ. ಸಂವಿಧಾನದ 54 ಮತ್ತು 55ನೆಯ ಅನುಚ್ಛೇದಗಳ ಪ್ರಕಾರ ಸಂಸತ್ತಿನ ಹಾಗೂ ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರು ಮತದಾರರಾಗಿರುತ್ತಾರೆ. ಒಬ್ಬ ಶಾಸಕನ ಮತದ ಬೆಲೆಯು ಆತನ ರಾಜ್ಯದ ಜನಸಂಖ್ಯೆಯನ್ನು ಅವಲಂಬಿಸಿರುತ್ತದೆ. 1961ರ ಜನಗಣತಿಯಂತೆ ಮೈಸೂರು ರಾಜ್ಯದ ಜನಸಂಖ್ಯೆ 2,35,86,772. ವಿಧಾನಸಭೆಯ ಸ್ಥಾನಗಳು 216. ಜನಸಂಖ್ಯೆಯನ್ನು ಸ್ಥಾನಗಳಿಂದ ಭಾಗಿಸಿ, ಬಂದುದನ್ನು ಸಾವಿರದಿಂದ ಭಾಗಿಸಿದರೆ 109 ದೊರೆಯುತ್ತದೆ. 1969ರಲ್ಲಿ ಮೈಸೂರಿನ ಪ್ರತಿಯೊಬ್ಬ ಶಾಸಕನ ಮತದ ಬೆಲೆ ಇಷ್ಟು. ಒಬ್ಬ ಸಂಸತ್ ಸದಸ್ಯನ ಮತದ ಬೆಲೆ 576. ತುಕ್ಕಾನಟ್ಟಿಯ ರೈತನು 1967ರ ಸಾರ್ವತ್ರಿಕ ಚುನಾವಣೆಯಲ್ಲಿ ಹಾಕಿದ ಮತವು ಹೀಗೆ ಶಾಸಕನ ಕೈಯಲ್ಲಿ 109ರ ಒಂದು ಅಂಶವಾಗಿ ರಾಷ್ಟ್ರಪತಿಯ ಆಯ್ಕೆಯನ್ನು ಮುಟ್ಟುತ್ತಿತ್ತು. (1971ರ ಜನಗಣತಿಯನ್ನು ಆಧರಿಸಿ ಕರ್ನಾಟಕದ ಶಾಸಕನ ಮತದ ಬೆಲೆಯು ಮುಂದೆ 131 ಆಯಿತು.)

ಎರಡನೆಯ ವೈಶಿಷ್ಟ್ಯವೆಂದರೆ ಪ್ರಾಶಸ್ತ್ಯ ಮತ. ದನದ ಸಂತೆಗೆ ಹೋದ ರೈತನು ಒಂದು ಜೋಡಿ ಎತ್ತನ್ನು ಮೆಚ್ಚಿರುತ್ತಾನೆ. ಅದು ಕೈಗೆ ಸಿಕ್ಕದಿದ್ದರೆ ಯಾವ ಜೋಡಿಯನ್ನು ಹಿಡಿಯಬೇಕೆಂಬುದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾನೆ. ಪ್ರಾಶಸ್ತ್ಯ ಮತಪತ್ರಿಕೆಯಲ್ಲಿ ಮತದಾರನು ಹೀಗೆಯೇ 1, 2, 3 ಎಂದು ತನ್ನ ಮೆಚ್ಚುಗೆಯ ಕ್ರಮವನ್ನು ಬರೆಯುತ್ತಾನೆ. ಯಾರಿಗೂ ಅರ್ಧಕ್ಕಿಂತ ಹೆಚ್ಚಿನ ಬೆಲೆಯ ಮತಗಳು ದೊರೆಯದಿದ್ದರೆ ಕಡೆಯ ಸ್ಥಾನದವನನ್ನು ಕೈಬಿಟ್ಟು, ಆತನ ಮತಪತ್ರಿಕೆಗಳಲ್ಲಿ ಸೂಚಿಸಿದ ಮುಂದಿನ ಹೆಸರಿಗೆ ಆ ಮತಗಳನ್ನು ವರ್ಗಾಯಿಸಲಾಗುತ್ತದೆ. ಮುಂದಿನ ಹೆಸರನ್ನು ಬರೆಯದಿದ್ದ ಮತಪತ್ರಿಕೆಯು ಅಲ್ಲಿಗೆ ಮುಗಿಯುತ್ತದೆ. ಅಮೇರಿಕದ ಪ್ರೈಮರಿಯ ಮತದಾರನಿಗೆ ಇಲ್ಲದ ಅನುಕೂಲವು ಇಲ್ಲಿಯ ಮತದಾರನಿಗುಂಟು: ತತ್ತ್ವಕ್ಕೆ ಒಂದನೆಯ ಗುರುತನ್ನೂ ವ್ಯವಹಾರಕ್ಕೆ ಎರಡನೆಯ ಗುರುತನ್ನೂ ಆತನು ಕೊಡಬಲ್ಲನು.

4. ಬೆಂಗಳೂರಿನ ನಿರ್ಣಯ

ರಾಷ್ಟ್ರಪತಿ ಜಾಕಿರ್ ಹುಸೇನರು 1969ರ ಮೇ 3ರಂದು ನಿಧನ ಹೊಂದಿದರು. ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಪ್ರಭಾರ ವಹಿಸಿದರು. ಇವರು 1965ರಿಂದ 1967ರವರೆಗೆ ಮೈಸೂರಿನ ರಾಜ್ಯಪಾಲರಾಗಿದ್ದವರು. ಜುಲೈ ತಿಂಗಳಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನವು ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿತು. ಸಂಯುಕ್ತ ಕರ್ನಾಟಕದ ಮೊದಲ ಮುಖ್ಯಮಂತ್ರಿಗಳಾಗಿದ್ದ ನಿಜಲಿಂಗಪ್ಪನವರು ಆಗ ಕಾಂಗ್ರೆಸ್ಸಿನ ಅಧ್ಯಕ್ಷರು. ಜುಲೈ 12ರಂದು ಪಕ್ಷದ ಸಂಸದೀಯ ಮಂಡಳಿಯು ಉಮೇದುವಾರರ ವಿಷಯವನ್ನು ಎತ್ತಿಕೊಂಡಿತು. ಪ್ರಧಾನಿ ಇಂದಿರಾ ಗಾಂಧಿಯವರು ಜಗಜೀವನರಾಮರ ಹೆಸರನ್ನು ಮುಂದಿಟ್ಟರು. ಮೊರಾರ್ಜಿ ದೇಸಾಯಿ, ಕಾಮರಾಜ, ಎಸ್. ಕೆ. ಪಾಟೀಲ, ಯಶವಂತರಾವ್ ಚವ್ಹಾಣ ಈ ನಾಲ್ವರು ನೀಲಂ ಸಂಜೀವ ರೆಡ್ಡಿಯವರನ್ನು ಬೆಂಬಲಿಸಿದರು. ನಿರ್ಣಯವು ರೆಡ್ಡಿಯವರ ಪರವಾಯಿತು.

ಇಡೀ ದೇಶದಲ್ಲಿ ಹಬ್ಬಿದ್ದ ಒಂದು ಪಕ್ಷದ ಅಧ್ಯಕ್ಷೀಯ ಉಮೇದುವಾರನನ್ನು ಹೀಗೆ ಒಂದು ಕೋಣೆಯಲ್ಲಿ ಕುಳಿತ ಬೆರಳೆಣಿಕೆಯ ಮಂದಿ ಆರಿಸಿದರು. ಅಂತಿಮವಾಗಿ ಮತ ಹಾಕಬೇಕಾಗಿದ್ದ ನೂರಾರು ಕಾಂಗ್ರೆಸ್ ಶಾಸಕರ ಅಭಿಪ್ರಾಯವನ್ನು ಅಳೆಯುವ ಯಾವ ಸಾಧನವೂ ಆ ಮಂಡಳಿಯ ಬಳಿ ಇರಲಿಲ್ಲ. ಮುಂದಿನ ಘಟನೆಗಳು ವೇಗವಾಗಿ ನಡೆದವು. ಜುಲೈ 16ರಂದು ಮೊರಾರ್ಜಿಯವರಿಂದ ಅರ್ಥಖಾತೆಯನ್ನು ಹಿಂದಕ್ಕೆ ಪಡೆಯಲಾಯಿತು; ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು; ಗಿರಿಯವರು ತಮ್ಮ ಪದವಿಗೆ ರಾಜೀನಾಮೆಯಿತ್ತು ಸ್ವತಂತ್ರ ಉಮೇದುವಾರರಾಗಿ ನಿಂತರು.

5. ಸಂಪ್ರದಾಯಶೀಲರ ಮುಂದಿದ್ದ ತೂಕ

ಕಣದಲ್ಲಿ ಹದಿನೈದು ಮಂದಿಯಿದ್ದರೂ ಲೆಕ್ಕಕ್ಕೆ ಬರುತ್ತಿದ್ದವರು ಮೂವರು. ಮೂರನೆಯವರು ಚಿಂತಾಮಣಿ ದೇಶಮುಖರು. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರರೂ 1950ರಿಂದ 1956ರವರೆಗೆ ಕೇಂದ್ರದ ಅರ್ಥಮಂತ್ರಿಗಳೂ ಆಗಿದ್ದ ಇವರನ್ನು ಸ್ವತಂತ್ರ ಪಕ್ಷವೂ ಜನಸಂಘವೂ ಬೆಂಬಲಿಸಿದವು.

ಸ್ವತಂತ್ರ ಪಕ್ಷವು ಹುಟ್ಟಿದ್ದು 1959ರಲ್ಲಿ. ಆ ವರ್ಷದ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನವು ಸಹಕಾರಿ ಕೂಡುಬೇಸಾಯದ ನಿರ್ಣಯವನ್ನು ಮಾಡಿದ್ದುದು ಅದರ ಉದಯಕ್ಕೆ ಒಂದು ಕಾರಣ. ರಾಜಾಜಿಯವರು ಪರ್ಮಿಟ್-ಲೈಸೆನ್ಸುಗಳ ಆಳಿಕೆಯನ್ನು ಖಂಡಿಸಿದರೆ, ರೈತ ಮುಖಂಡ ಎನ್. ಜಿ. ರಂಗಾ ಅವರು ಹಿಡುವಳಿದಾರನ ಭೂಮಿ ಆತನ ಕೈಯಲ್ಲೇ ಇರಬೇಕೆಂದು ವಾದಿಸಿದರು. ಘಟಪ್ರಭೆಯ ಸೀಮೆಯಂತಹ ಕೃಷಿಪ್ರಧಾನ ಪ್ರದೇಶದಲ್ಲಿ ಈ ವಾದವು ಕೇವಲ ತಾತ್ತ್ವಿಕವಾದುದಲ್ಲ. ಹೊಲದ ಒಡೆಯನಿಗೂ ಗೇಣಿದಾರನಿಗೂ ಅದು ಬೇರೆ ಬೇರೆಯಾಗಿ ಕೇಳಿಸತಕ್ಕದ್ದು: ಒಬ್ಬನಿಗೆ ರಕ್ಷಣೆಯಾಗಿ, ಇನ್ನೊಬ್ಬನಿಗೆ ಅಡ್ಡಿಯಾಗಿ. 1967ರ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಗೆ ಕಾಂಗ್ರೆಸ್ಸಿನಿಂದ 126, ಸ್ವತಂತ್ರ ಪಕ್ಷದಿಂದ 16, ಜನಸಂಘದಿಂದ 4 ಮಂದಿ ಆಯ್ಕೆಯಾಗಿದ್ದರು. ಈ ಬಲವನ್ನೇ ಆಧಾರವಾಗಿ ಹಿಡಿದರೆ ಎರಡು ಸಂಪ್ರದಾಯಶೀಲ ಪಕ್ಷಗಳ ಕೈಯಲ್ಲಿ ಮೈಸೂರಿನಿಂದ ಇದ್ದ ಮತದ ಬೆಲೆ 2,180.

ಈ ಮತದಾರರು ತೂಗಬೇಕಾಗಿದ್ದುದು ಮೂರು ಸಂಗತಿಗಳನ್ನು. ಮೊದಲನೆಯದು ತತ್ತ್ವ: ದೇಶಮುಖರು ಅವರ ಮೆಚ್ಚಿನವರು, ಆದರೆ ಗೆಲ್ಲುವ ಸಂಭವ ಕಡಿಮೆ. ಎರಡನೆಯದು ಸಂಭಾವ್ಯತೆ: ರೆಡ್ಡಿಯವರು ಕಾಂಗ್ರೆಸ್ಸಿನವರಾದರೂ ಅವರನ್ನು ನಿಲ್ಲಿಸಿದ ಗುಂಪು ಪ್ರಧಾನಿಯವರ ಎಡಕ್ಕೆ ವಾಲಿದ ಧೋರಣೆಯನ್ನು ತಡೆಯಬಯಸಿತ್ತು, ಗಿರಿಯವರಿಗಾದರೋ ಕಮ್ಯೂನಿಸ್ಟ್ ಪಕ್ಷಗಳ ಬೆಂಬಲವಿತ್ತು. ಮೂರನೆಯದು ಪರಿಣಾಮ: ತಮ್ಮ ಬೆಂಬಲವೇ ರೆಡ್ಡಿಯವರಿಗೆ ಹೊರೆಯಾದರೆ ಏನು ಮಾಡುವುದು? ನಿಜಲಿಂಗಪ್ಪನವರು ಎರಡೂ ಪಕ್ಷಗಳ ನಾಯಕರನ್ನು ಕಂಡು ಎರಡನೆಯ ಪ್ರಾಶಸ್ತ್ಯವನ್ನು ರೆಡ್ಡಿಯವರಿಗೆ ಕೊಡಬೇಕೆಂದು ಕೇಳಿಕೊಂಡರು. ಈ ಭೇಟಿಯನ್ನೇ ಪ್ರಧಾನಿಯವರ ಪಕ್ಷಪಾತಿಗಳು ಆಯುಧವಾಗಿ ಹಿಡಿದರು. ಕಾಂಗ್ರೆಸ್ಸಿನ ಧ್ಯೇಯಗಳನ್ನು ವಿರೋಧಿಸುವವರೊಡನೆ ಒಳ ಒಪ್ಪಂದವಾಗಿದೆಯೆಂದು ಆರೋಪಿಸಿ, ಸದಸ್ಯರು ಆತ್ಮಸಾಕ್ಷಿಯಂತೆ ಮತ ಹಾಕಲು ಬಿಡಬೇಕೆಂದು ಒತ್ತಾಯಿಸಿದರು. ಮತದಾನವು ರಹಸ್ಯವಾದುದರಿಂದ ಪಕ್ಷದ ಆಜ್ಞೆಯನ್ನು ಮೀರಿದವರು ಯಾರೆಂದು ಕಂಡುಹಿಡಿಯುವ ಮಾರ್ಗವೂ ಇರಲಿಲ್ಲ.

6. ಅಂಕಿಗಳ ಸಾಕ್ಷ್ಯ

ಆಗಸ್ಟ್ 16ರಂದು ಮತದಾನವೂ 20ರಂದು ಎಣಿಕೆಯೂ ನಡೆದವು. ಮೊದಲ ಪ್ರಾಶಸ್ತ್ಯದ ಬೆಲೆ ಹೀಗಿತ್ತು: ಗಿರಿ 4,01,515, ರೆಡ್ಡಿ 3,13,548, ದೇಶಮುಖ 1,12,769, ಉಳಿದ ಹನ್ನೆರಡು ಮಂದಿಗೆ ಒಟ್ಟು 8,505. ಈ ಹನ್ನೆರಡರಲ್ಲಿ ಐವರಿಗೆ ಒಂದು ಮತವೂ ಬೀಳಲಿಲ್ಲ. ಒಟ್ಟು ಬೆಲೆ 8,36,337. ಗೆಲುವಿಗೆ ಬೇಕಾದುದು 4,18,169. ಯಾರೂ ಈ ಗುರಿಯನ್ನು ಮುಟ್ಟದ ಕಾರಣ ಕೆಳಗಿನವರನ್ನು ಒಬ್ಬೊಬ್ಬರನ್ನಾಗಿ, ಕಡೆಗೆ ದೇಶಮುಖರನ್ನು, ಕೈಬಿಟ್ಟು ಮತಗಳನ್ನು ವರ್ಗಾಯಿಸಲಾಯಿತು. ಆಗ ಗಿರಿಯವರದು 4,20,077, ರೆಡ್ಡಿಯವರದು 4,05,427 ಆಯಿತು. ಅಂತರ 14,650.

ಸಂಪ್ರದಾಯಶೀಲರು ತಮ್ಮ ಎರಡನೆಯ ಪ್ರಾಶಸ್ತ್ಯವನ್ನು ಸರಿಯಾಗಿ ಕೊಡದಿದ್ದುದರಿಂದ ರೆಡ್ಡಿಯವರು ಸೋತರೆಂದು ಭಾವಿಸಲು ಅವಕಾಶವುಂಟು. ಅಂಕಿಗಳನ್ನು ಬಿಡಿಸಿ ನೋಡಿದರೆ ಹಾಗೆ ಕಾಣುವುದಿಲ್ಲ. ಕೈಬಿಟ್ಟ ಉಮೇದುವಾರರೆಲ್ಲರ ಮತದ ಬೆಲೆ 1,21,274. ಅದರಲ್ಲಿ 91,879 ರೆಡ್ಡಿಯವರಿಗೂ 18,562 ಗಿರಿಯವರಿಗೂ ಸಂದಿತು. ಮುಂದಿನ ಹೆಸರಿಲ್ಲದೆ ಮುಗಿದುಹೋದುದು 10,833. ಅಂದರೆ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಭಾಗವು ರೆಡ್ಡಿಯವರನ್ನೇ ಸೇರಿತು. ಮುಗಿದುಹೋದ ಅಷ್ಟೂ ಮತಗಳು ಅವರಿಗೇ ಬಂದಿದ್ದರೂ ಅವರ ಒಟ್ಟು ಬೆಲೆ 4,16,260 ಆಗುತ್ತಿತ್ತು. ಗಿರಿಯವರು ಆಗಲೂ 3,817ರಿಂದ ಮುಂದಿರುತ್ತಿದ್ದರು.

ಇನ್ನೊಂದು ದಿಕ್ಕಿನಿಂದ ನೋಡೋಣ. ಗಿರಿಯವರಿಗೆ ಬಿದ್ದ ಮತಗಳಲ್ಲಿ 7,326 ಬೆಲೆಯಷ್ಟು ರೆಡ್ಡಿಯವರ ಕಡೆಗೆ ತಿರುಗಿದ್ದರೆ ಫಲಿತಾಂಶವೇ ಬದಲಾಗುತ್ತಿತ್ತು. ಇದು ಹದಿಮೂರು ಮಂದಿ ಸಂಸತ್ ಸದಸ್ಯರ ಮತಕ್ಕಿಂತ ಕಡಿಮೆ. ಮೈಸೂರಿನ ಶಾಸಕರ ಲೆಕ್ಕದಲ್ಲಿ ಹೇಳುವುದಾದರೆ ಅರವತ್ತೆಂಟು ಮಂದಿ. ಪಕ್ಷದ ಅಧಿಕೃತ ಉಮೇದುವಾರರನ್ನು ಬಿಟ್ಟು ಗಿರಿಯವರಿಗೆ ಮತವಿತ್ತ ಕಾಂಗ್ರೆಸ್ ಸದಸ್ಯರ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದು. ಆದುದರಿಂದ ರೆಡ್ಡಿಯವರು ಸೋತದ್ದು ಎರಡನೆಯ ಪ್ರಾಶಸ್ತ್ಯದಲ್ಲಿ ಅಲ್ಲ, ಮೊದಲನೆಯದರಲ್ಲಿ. ಹೊರಗಿನ ಮಿತ್ರರಿಂದ ಅಲ್ಲ, ಮನೆಯವರಿಂದ. ಹೊರಗಿನ ಎರಡನೆಯ ಗುರುತನ್ನು ಕೂಡಿಸಿಕೊಳ್ಳಲು ಹೋದ ಕ್ರಮವೇ ಒಳಗಿನ ಮೊದಲ ಗುರುತನ್ನು ಕಳೆಯಲು ಒಂದು ಕಾರಣವಾಯಿತೆಂದು ಊಹಿಸುವುದು ಅಸಂಗತವಾಗದು.

7. ಪರಿಣಾಮ ಮತ್ತು ಉಪಸಂಹಾರ

ಈ ವಿವೇಚನೆಯಿಂದ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಪಕ್ಷದೊಳಗಿನ ಭೇದವನ್ನು ಮುಂಚಿತವಾಗಿ ಅಳೆಯುವ ಪೂರ್ವಚುನಾವಣೆ ಇಲ್ಲದಿದ್ದಾಗ ಅಂತಿಮ ಚುನಾವಣೆಯೇ ಪೂರ್ವಚುನಾವಣೆಯಾಗಿ ಪರಿಣಮಿಸುತ್ತದೆ. 1969ರಲ್ಲಿ ಕಾಂಗ್ರೆಸ್ಸಿನ ಎರಡು ಪಂಗಡಗಳು ತಮ್ಮ ಬಲಾಬಲವನ್ನು ಪರೀಕ್ಷಿಸಿದ್ದು ರಾಷ್ಟ್ರಪತಿಯ ಪದವಿಯನ್ನೇ ಒರೆಗಲ್ಲಾಗಿ ಇಟ್ಟುಕೊಂಡು. ಆ ವರ್ಷದ ನವಂಬರಿನಲ್ಲಿ ಪಕ್ಷವು ಒಡೆಯಿತು. ಮೈಸೂರಿನಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಕಡೆಗೆ ನಿಂತರು. 1971ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಪಕ್ಷವು ರಾಜ್ಯದ 27 ಸ್ಥಾನಗಳನ್ನೂ ಗೆದ್ದಿತು. 1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಗಳಾದರು. 1961ರ ಭೂಸುಧಾರಣಾ ಶಾಸನಕ್ಕೆ 1974ರಲ್ಲಿ ಬಂದ ತಿದ್ದುಪಡಿಯು ಗೇಣಿ ಪದ್ಧತಿಯನ್ನು ಕೊನೆಗಾಣಿಸುವ ಹಾದಿಯನ್ನು ತೆರೆಯಿತು. ಬೆಂಗಳೂರಿನ ಒಂದು ಕೋಣೆಯಲ್ಲಿ ಮೊದಲಾದ ಉಮೇದುವಾರಿಕೆಯ ವಿವಾದವು ಹೀಗೆ ಐದು ವರ್ಷಗಳಲ್ಲಿ ಹಳ್ಳಿಯ ಹೊಲದ ಬದುವಿನವರೆಗೆ ಬಂದು ಮುಟ್ಟಿತು. ಇದರಲ್ಲಿ ಗೇಣಿದಾರನು ಲಾಭವನ್ನು ಕಂಡನು, ಭೂಮಾಲಿಕನು ನಷ್ಟವನ್ನು ಕಂಡನು. ಆದರೆ ವಿವಾದದ ಮೊದಲ ಹೆಜ್ಜೆಯಲ್ಲಿ ಅವರಿಬ್ಬರಿಗೂ ಮಾತಿರಲಿಲ್ಲ.

ಸಂಜೀವ ರೆಡ್ಡಿಯವರಾದರೋ 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಗಳಾದರು. ಅದಕ್ಕೆ ಮುಂಚೆ ಆ ವರ್ಷದ ಫೆಬ್ರುವರಿಯಿಂದ ಜುಲೈವರೆಗೆ ಪ್ರಭಾರ ರಾಷ್ಟ್ರಪತಿಗಳಾಗಿದ್ದವರು ಜಮಖಂಡಿ ಸೀಮೆಯ ಬಿ. ಡಿ. ಜತ್ತಿಯವರು. ಕಣಕ್ಕೆ ಯಾರು ಬೇಕಾದರೂ ಇಳಿಯುವ ರೂಢಿಗೂ ಕಡಿವಾಣ ಬಿತ್ತು: ರಾಷ್ಟ್ರಪತಿಯ ಉಮೇದುವಾರನಿಗೆ 1974ರಲ್ಲಿ ಹತ್ತು ಮಂದಿ ಸೂಚಕರೂ ಹತ್ತು ಮಂದಿ ಅನುಮೋದಕರೂ ಬೇಕೆಂದು ವಿಧಿಸಲಾಯಿತು; 1997ರಲ್ಲಿ ಈ ಸಂಖ್ಯೆ ಐವತ್ತು ಐವತ್ತಕ್ಕೆ ಏರಿತು.

ಪೂರ್ವಚುನಾವಣೆಯ ಪ್ರಯೋಗವು ಕರ್ನಾಟಕದಲ್ಲಿ ನಡೆದೇ ಇಲ್ಲವೆಂದಲ್ಲ. 2014ರ ಲೋಕಸಭಾ ಚುನಾವಣೆಗೆ ಮುಂಚೆ ಕಾಂಗ್ರೆಸ್ ಪಕ್ಷವು ದೇಶದ ಕೆಲವು ಕ್ಷೇತ್ರಗಳಲ್ಲಿ ಪ್ರೈಮರಿಯನ್ನು ನಡೆಸಿತು. ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಅವುಗಳಲ್ಲಿ ಸೇರಿದ್ದವು. ಮೊದಲನೆಯದರಲ್ಲಿ ಸಿ. ನಾರಾಯಣಸ್ವಾಮಿಯವರೂ ಎರಡನೆಯದರಲ್ಲಿ ಬಿ. ಜನಾರ್ದನ ಪೂಜಾರಿಯವರೂ ಆರಿಸಿಬಂದರು. ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು ಹಾಗೂ ಪ್ರತಿನಿಧಿಗಳೇ ಹೊರತು ಸಾಮಾನ್ಯ ಮತದಾರರಲ್ಲ. ಅಂತಿಮ ಚುನಾವಣೆಯಲ್ಲಿ ಇಬ್ಬರೂ ಸೋತರು. ಈ ಸೋಲಿನಿಂದಲೇ ಪದ್ಧತಿಯನ್ನು ಅಳೆಯುವುದು ನ್ಯಾಯವಾಗದು. 1964ರ ಸೋಲಿನಿಂದ ಅಮೇರಿಕದ ಪದ್ಧತಿಯನ್ನು ಯಾರೂ ಅಳೆಯಲಿಲ್ಲ.

ಪೂರ್ವಚುನಾವಣೆಯಿಂದ ಉತ್ತಮನೇ ಆರಿಸಿಬರುವನೆಂಬ ಭರವಸೆಯಿಲ್ಲ. ಹಣದ ಮತ್ತು ಗುಂಪಿನ ಪ್ರಭಾವವು ಅಲ್ಲಿಯೂ ಇರುತ್ತದೆ. ಅದರ ಪ್ರಯೋಜನ ಇಷ್ಟೇ: ಮತದಾರನು ತನ್ನ ತತ್ತ್ವವನ್ನೂ ಗೆಲುವಿನ ಆಸೆಯನ್ನೂ ತಾನೇ ತೂಗಿ ನೋಡುತ್ತಾನೆ, ತಕ್ಕಡಿಯು ಆತನ ಕೈಯಲ್ಲಿರುತ್ತದೆ. 1969ರಲ್ಲಿ ಸ್ವತಂತ್ರ ಪಕ್ಷದ ಮತ್ತು ಜನಸಂಘದ ಸದಸ್ಯರಿಗೆ ಪ್ರಾಶಸ್ತ್ಯ ಮತದ ರೂಪದಲ್ಲಿ ಅಂತಹ ಒಂದು ತಕ್ಕಡಿ ದೊರೆಯಿತು. ಅವರು ಅದನ್ನು ಬಹುಮಟ್ಟಿಗೆ ವಿವೇಕದಿಂದ ಬಳಸಿದರೆಂದು ಅಂಕಿಗಳು ಹೇಳುತ್ತವೆ. ತುಕ್ಕಾನಟ್ಟಿಯ ಮತದಾರನ ಕೈಗೆ ಅದು ಇನ್ನೂ ಬಂದಿಲ್ಲ. ನಮ್ಮ ಪಕ್ಷಗಳ ಆಂತರಿಕ ರಚನೆಯನ್ನು ಅಭ್ಯಸಿಸುವವರು ಮುಂದೆ ಕೈಗೆತ್ತಿಕೊಳ್ಳಬೇಕಾದ ವಿಷಯವು ಇದೇ ಆಗಿದೆ.